ಎಂಟು ಹಾಡು, ಮೂವತ್ತು ರೂಪಾಯಿ

ದಾವಣಗೆರೆಯ ರೈಲ್ವೆ ಗೇಟಿನ ಈಚೆ ಬದಿ
ಆರಡಿ ಅಗಲದ ನನ್ನ ಅಂಗಡಿ.
ಕರೆನ್ಸಿ, ಕವರು, ಚಾರ್ಜರು,
ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದು.
ಬೇತೂರಿನ ಕೊಟ್ರಮ್ಮ ಒಂದು ಸಂಜೆ
ಸೆರಗಿನ ತುದಿಗೆ ಗಂಟು ಹಾಕಿದ್ದ ಪೆನ್‌ಡ್ರೈವ್ ಬಿಚ್ಚಿದಳು.
ಮೊದಲನೇ ಆಲ್ಬಂ. ಎಂಟು ಹಾಡು.
ಬರೆದದ್ದೂ ಅವಳೇ, ರಾಗ ಕಟ್ಟಿದ್ದೂ ಅವಳೇ.
"ಮೂವತ್ತು ತಗೋ ಅಣ್ಣ, ಹದಿನೈದು ನನಗೆ.
ಮತ್ತೆ ಕೇಳಿದವರು ಏನಂದ್ರು ಅಂತ
ಸೋಸದೆ ಹೇಳು."

ಅಂದಿನಿಂದ ಒಂದೇ ನೋಟ್‌ಬುಕ್ಕಿನಲ್ಲಿ ಎರಡು ಲೆಕ್ಕ:
ಎಡಪುಟಕ್ಕೆ ದುಡ್ಡು, ಬಲಪುಟಕ್ಕೆ ಮಾತು.

ದೋಸೆ ಹಂಚಿನ ಚನ್ನವೀರಣ್ಣ:
"ದನಿ ಚೊಲೋ ಐತಿ. ಬೆಣ್ಣೆ ಕಮ್ಮಿ."
ಹಂಗಂದ್ರೇನು ಅಂದೆ.
"ತಿಂದವರಿಗೆ ಗೊತ್ತಾಗ್ತತಿ."

ಪಾರ್ಲರಿನ ಫರ್ಹಾನಾ ಎರಡನೇ ಹಾಡನ್ನು
ಒಂದೇ ದಿನ ಹನ್ನೊಂದು ಸಲ ಹಾಕಿದಳಂತೆ.
ಹುಬ್ಬು ತೀಡಿಸಿಕೊಳ್ಳುತ್ತಿದ್ದ ಮದುಮಗಳು
ಕಣ್ಣೀರಿಗೆ ದಾರವೇ ಕಾರಣ ಎಂದು
ಕೊನೆಯತನಕ ಸಾಧಿಸಿದಳಂತೆ.

ಸಂಗೀತದ ಮೇಷ್ಟ್ರು ವಿರೂಪಾಕ್ಷಯ್ಯ
ಛತ್ರಿ ಮಡಚುವ ಮೊದಲೇ ಶುರು ಮಾಡಿದರು:
ನಾಲ್ಕನೇ ಹಾಡಿನಲ್ಲಿ ಶ್ರುತಿ ಎರಡು ಕಡೆ ಜಾರಿದೆ,
ಯಾರೂ ಹೇಳಿಕೊಟ್ಟಿಲ್ಲ, ಪಾಠಾಂತರವಿಲ್ಲ.
ಮೂರು ದಿನ ಬಿಟ್ಟು ಮತ್ತೆ ಬಂದರು.
"ಒಂದೇ ಕಡೆ," ಅಂದರು. ಹೋದರು.

ಆಟೋದ ಹಾಲೇಶಿಗೆ ಹೆಸರಿನದೇ ತಕರಾರು.
"ಕೊಟ್ರಮ್ಮ ಅಂದ್ರೆ ಯಾರು ಕೇಳ್ತಾರ್ರಿ?
ನಮ್ಮಜ್ಜಿ ಹೆಸರು ಅದು. ಏನಾದ್ರೂ ಬದಲಿಸ್ಬೇಕಿತ್ತು."
ಈಗ ಸವಾರಿಯವರು ಯಾರು ಹಾಡಿದ್ದು ಎಂದರೆ
"ನಮ್ಮಜ್ಜಿ" ಅನ್ನುತ್ತಾನೆ,
ಸೌಂಡು ಜಾಸ್ತಿ ಮಾಡುತ್ತಾನೆ.

ಐದನೇ ಹಾಡಿನದು ದೊಡ್ಡ ರಗಳೆ.
ಮಾತು ಮುಗಿದ ಮೇಲೆ ನಲವತ್ತು ಸೆಕೆಂಡು
ಗೇಟಿನ ಗಂಟೆ, ಗೂಡ್ಸ್ ರೈಲು,
ಯಾರದೋ ಸ್ಕೂಟರಿನ ಹಾರನ್ನು, ಒಂದು ಕೆಮ್ಮು.
"ಕಾರ್ಡು ಕೆಟ್ಟೈತಿ, ಬದಲಿಸಿಕೊಡು" ಎಂದು
ಆರು ಜನ ವಾಪಸ್ ಬಂದರು.
ಏಳನೆಯವನ ಎದುರಿಗೇ ಹಾಕಿ ಕೇಳಿಸಿದೆ.
ಅಷ್ಟರಲ್ಲಿ ಗೇಟು ಬಿತ್ತು.
ಯಾವ ಗಂಟೆ ಕಾರ್ಡಿನದು, ಯಾವುದು ಹೊರಗಿನದು,
ಅವನಿಗೂ ಹತ್ತಲಿಲ್ಲ, ನನಗೂ.
ಕೆಮ್ಮಿದ್ದು ಮಾತ್ರ ಅವನೇ.

ಮಂಡಕ್ಕಿ ಭಟ್ಟಿಯಿಂದ ಹೊನ್ನೂರಮ್ಮ ಬಂದದ್ದು
ರಾತ್ರಿ ಶಟರ್ ಎಳೆಯುವ ಹೊತ್ತಿಗೆ.
ಹುಬ್ಬಿನ ಮೇಲೆ ಹೊಟ್ಟಿನ ಮಸಿ,
ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನು.
"ಆರನೇದು ಒಂದೇ ಹಾಕು. ಐದು ರೂಪಾಯಿ ಐತಿ."
ಅದೊಂದೇ ಯಾಕಮ್ಮ?
"ಅದ್ರಾಗೆ ಜರಡಿ ಆಡಿಸೋ ಸದ್ದೈತಿ. ನನ್ನ ಜರಡಿದು.
ಮೊನ್ನೆ ಬಂದು ಪಕ್ಕದಾಗೆ ಕುಂತು ಹೋದ್ಲು,
ಮಾತಾಡಾಕೆ ಬಂದಾಳೆ ಅನ್ಕಂಡಿದ್ದೆ, ಕಳ್ಳಿ."
ಹಾಡು ಹೆಂಗೈತಿ?
"ಹಾಡು ಅಷ್ಟಕ್ಕಷ್ಟೆ. ಸದ್ದು ನಂದು."
ಆ ಐದು ರೂಪಾಯಿ ಯಾವ ಪುಟಕ್ಕೆ ಸೇರಬೇಕು ತಿಳಿಯದೆ
ನಡುವಿನ ಹೊಲಿಗೆಯ ಮೇಲೆ ಬರೆದೆ.

ಶನಿವಾರ ಕೊಟ್ರಮ್ಮ ಸ್ಟೂಲಿನ ಮೇಲೆ ಕೂತಳು.
ಬಲಪುಟ ಓದಿದೆ, ಸೋಸದೆ.
ಬೆಣ್ಣೆಗೆ ನಕ್ಕಳು.
ಅಜ್ಜಿಗೆ ಇನ್ನೂ ಜೋರಾಗಿ.
ಮೇಷ್ಟ್ರ ಸಾಲಿಗೆ ತಲೆ ಅಲ್ಲಾಡಿಸಿದಳು:
"ಮೂರು ಕಡೆ ಅಣ್ಣ. ಪಾಪ, ಅವರಿಗೆ ವಯಸ್ಸಾತು."
ಹೊನ್ನೂರಮ್ಮನದನ್ನು ಎರಡು ಸಲ ಓದಿಸಿದಳು.
ಆಮೇಲೆ ಐದರ ನೋಟೊಂದನ್ನು ಕೈಗಿಟ್ಟು,
"ಇದನ್ನ ಅವಳಿಗೆ ವಾಪಸ್ ಕೊಡು.
ಜರಡಿ ಬಾಡಿಗೆ ಅನ್ನು."

"ನೀನೇನಂತೀ?"

ಸುಳ್ಳು ಹೇಳಲಾಗಲಿಲ್ಲ.
ನಾನು ಪೂರ್ತಿ ಕೇಳಿದ್ದು ಒಂದೂ ಇಲ್ಲ.
ಕಾಪಿ ಆಯಿತೋ ಇಲ್ಲವೋ ನೋಡಲು
ಒಂದೊಂದಕ್ಕೆ ಮೂರು ಸೆಕೆಂಡು, ಅಷ್ಟೇ.
ದಿನಕ್ಕೆ ಇಪ್ಪತ್ತು ಸಲ ಅದೇ ಮೂರು ಸೆಕೆಂಡು.
"ಶುರುವಿಗೆ ಮುಂಚೆ ನೀನು ಉಸಿರು ತಗೊಳ್ತೀಯಲ್ಲ," ಅಂದೆ,
"ಎಂಟೂ ಬೇರೆ ಬೇರೆ.
ಏಳನೇದಕ್ಕೆ ತಗೊಂಡೇ ಇಲ್ಲ."

ಅವಳು ಸುಮ್ಮನೆ ನನ್ನ ಮುಖ ನೋಡಿದಳು.
ಆಚೆ ಗೇಟು ಎದ್ದಿತು. ಕಾಯುತ್ತಿದ್ದ ಬೈಕುಗಳೆಲ್ಲ
ಒಮ್ಮೆಗೇ ಹೊರಟವು.
ಅವಳೇನೋ ಹೇಳಿದಳು,
ಕೇಳಿಸಲಿಲ್ಲ. ಬರೆದುಕೊಂಡಿಲ್ಲ.